ಸ್ಕ್ಯಾನ್ ನಾರ್ಮಲ್, ಆದರೂ ಕಾಯಿಲೆ ನಿಜ

ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಅದೇ ರಸ್ತೆ ಹಿಡಿದು ಬೊಮ್ಮನಹಳ್ಳಿ, ಎಲೆಕ್ಟ್ರಾನಿಕ್ ಸಿಟಿ, ಚಂದಾಪುರ, ಅತ್ತಿಬೆಲೆ ದಾಟಿದರೆ ತಮಿಳುನಾಡಿನ ಗಡಿ. ಅಲ್ಲಿಂದ ಮುಂದೆ ಹೊಸೂರು, ಅದರ ಮಗ್ಗುಲಲ್ಲೇ ಅವಲಪಲ್ಲಿ. ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ, ಮಾತು ಬಿಟ್ಟು ಮೂಲೆ ಹಿಡಿದು ಕೂತರೆ, ಹತ್ತಿರದ ಕ್ಲಿನಿಕ್ಕಿನ ಟಾನಿಕ್ಕು, ಇಂಜೆಕ್ಷನ್ನು, ದೇವರ ತಾಯಿತ ಎಲ್ಲ ಮುಗಿದ ಮೇಲೆ ಈ ಸೀಮೆಯವರು ಹತ್ತುವುದು ಬೆಂಗಳೂರಿನ ಬಸ್ಸನ್ನೇ. ಜಿಲ್ಲಾ ಕೇಂದ್ರ ಕೃಷ್ಣಗಿರಿಗೆ ಹೋಗುವುದಕ್ಕಿಂತ ನಿಮ್ಹಾನ್ಸಿಗೆ ಹೋಗುವುದೇ ಅವರಿಗೆ ರೂಢಿ.

ಹಾಗೆ ಬಂದವರಲ್ಲಿ ಬಹಳ ಮಂದಿ ಕೇಳುವ ಮಾತೊಂದಿದೆ: "ಡಾಕ್ಟ್ರೇ, ಒಂದು ಸ್ಕ್ಯಾನ್ ಮಾಡ್ಸಿಬಿಟ್ರೆ ಏನಿದೆ ಅಂತ ಗೊತ್ತಾಗೋಗುತ್ತಲ್ವಾ?" ಕೇಳುವುದರಲ್ಲಿ ತಪ್ಪಿಲ್ಲ. ಕಾಲು ಮುರಿದರೆ ಎಕ್ಸ್‌ರೇ, ಎದೆ ನೋವಿಗೆ ಇಸಿಜಿ, ಸಕ್ಕರೆಗೆ ರಕ್ತ ಪರೀಕ್ಷೆ ಇದೆ. ತಲೆಯೊಳಗಿನ ಕಾಯಿಲೆಗೂ ಒಂದು ಚಿತ್ರ ಇರಲೇಬೇಕಲ್ಲ? ಕೆಲವರು ಸಾಲ ಮಾಡಿ ಖಾಸಗಿ ಕೇಂದ್ರದಲ್ಲಿ ಎಂಆರ್‌ಐ ಮಾಡಿಸಿಕೊಂಡು ದೊಡ್ಡ ಕವರ್ ಹಿಡಿದೇ ಬರುತ್ತಾರೆ. ವರದಿಯಲ್ಲಿ 'ನಾರ್ಮಲ್' ಎಂದಿರುತ್ತದೆ. ನಿಜವಾದ ಕಷ್ಟ ಶುರುವಾಗುವುದು ಆಮೇಲೆ. "ಸ್ಕ್ಯಾನ್‌ನಲ್ಲಿ ಏನೂ ಬಂದಿಲ್ಲ, ಎಲ್ಲ ನಿನ್ನ ಮನಸ್ಸಿನಲ್ಲೇ ಇರೋದು, ಎದ್ದು ಕೆಲಸ ನೋಡು" ಎಂದು ಮನೆಯವರು ಹೇಳುತ್ತಾರೆ. ಕಾಯಿಲೆ ಬಿದ್ದವರೂ ಅದನ್ನೇ ನಂಬಿ, ತಾನು ಸೋಮಾರಿ, ತಾನು ನಾಟಕ ಮಾಡುತ್ತಿದ್ದೇನೆ ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಖಿನ್ನತೆ ಮೊದಲೇ ಮನುಷ್ಯನನ್ನು ಹಾಗೆ ಹಳಿದುಕೊಳ್ಳುವಂತೆ ಮಾಡುವ ಕಾಯಿಲೆ. ಅದರ ಮೇಲೆ ಈ ವರದಿಯ ಮುದ್ರೆಯೂ ಬಿದ್ದರೆ ಔಷಧಿಯ ಚೀಟಿ ಮೂಲೆಗೆ ಸೇರುತ್ತದೆ. ಆದ್ದರಿಂದ ಸ್ಕ್ಯಾನು ಖಿನ್ನತೆಯಲ್ಲಿ ಏನನ್ನು ನೋಡಬಲ್ಲದು, ಏನನ್ನು ನೋಡಲಾರದು ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯ ಎಂದು ನನಗನ್ನಿಸುತ್ತದೆ.

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮಾಡುವ ಎಂಆರ್‌ಐ ಮಿದುಳಿನ ಆಕಾರವನ್ನು ತೋರಿಸುತ್ತದೆ. ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು, ಸೋಂಕು, ಕುಗ್ಗಿದ ಭಾಗ ಇವೆಲ್ಲ ಕಾಣುತ್ತವೆ. ಖಿನ್ನತೆಯಲ್ಲಿ ಆಕಾರ ಬದಲಾಗುವುದೇ ಇಲ್ಲವೆಂದೇನೂ ಅಲ್ಲ. ಹಲವು ದೇಶಗಳ ಸಂಶೋಧಕರು ಒಟ್ಟುಗೂಡಿ 1,728 ರೋಗಿಗಳ ಮತ್ತು 7,199 ಆರೋಗ್ಯವಂತರ ಎಂಆರ್‌ಐಗಳನ್ನು ಅಳೆದು ನೋಡಿದ ಅಧ್ಯಯನ 2016ರಲ್ಲಿ ಅಚ್ಚಾಯಿತು. ನೆನಪಿಗೂ ಭಾವನೆಗೂ ಸಂಬಂಧಪಟ್ಟ ಹಿಪೊಕ್ಯಾಂಪಸ್ ಎಂಬ ಭಾಗ ಖಿನ್ನತೆಯವರಲ್ಲಿ ಸರಾಸರಿ ಶೇ 1.24ರಷ್ಟು ಚಿಕ್ಕದಾಗಿತ್ತು. ಸಾವಿರಾರು ಜನರ ಲೆಕ್ಕ ಹಾಕಿದಾಗ ಮಾತ್ರ ತೋರುವ ವ್ಯತ್ಯಾಸ ಅದು. ಆರೋಗ್ಯವಂತರಲ್ಲೇ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಇದರ ಎಷ್ಟೋ ಪಟ್ಟು. ಒಬ್ಬರ ಫಿಲ್ಮನ್ನು ಬೆಳಕಿಗೆ ಹಿಡಿದು ಇವರಿಗೆ ಖಿನ್ನತೆ ಇದೆ, ಇವರಿಗಿಲ್ಲ ಎಂದು ಯಾವ ರೇಡಿಯಾಲಜಿಸ್ಟೂ ಹೇಳಲಾರರು.

ಇನ್ನು ರಾಸಾಯನಿಕಗಳ ಮಾತು. 'ಕೆಮಿಕಲ್ ಇಂಬ್ಯಾಲೆನ್ಸ್' ಎನ್ನುವುದು ಈಗ ಹಳ್ಳಿಗಳಿಗೂ ತಲುಪಿದ ಮಾತು. ಅದರ ಬೇರು ನಮ್ಮ ನೆಲದ ಒಂದು ಗಿಡಕ್ಕೂ ಹೋಗುತ್ತದೆ. ಸರ್ಪಗಂಧದ ಬೇರನ್ನು ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಕೊಟ್ಟು ಕಂಡದ್ದನ್ನು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ವರದಿ ಮಾಡಿದರು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಔಷಧಿಯನ್ನು ಬೇರ್ಪಡಿಸಿದರು. ಅದನ್ನು ನುಂಗಿದ ರಕ್ತದೊತ್ತಡದ ರೋಗಿಗಳಲ್ಲಿ ಕೆಲವರು ಮಂಕಾದರು ಎಂಬ ವರದಿಗಳು ಬಂದವು. ರಿಸರ್ಪಿನ್ ಸಿರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ಸಂಗ್ರಹವನ್ನು ಬರಿದು ಮಾಡುತ್ತದೆ ಎಂದು 1955ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರೋಡಿಯವರ ಪ್ರಯೋಗಾಲಯ ತೋರಿಸಿತು. ಇನ್ನೊಂದು ಕಡೆ ಕ್ಷಯಕ್ಕೆಂದು ಕೊಟ್ಟ ಇಪ್ರೊನಿಯಾಜಿಡ್ ಎಂಬ ಔಷಧಿಯಿಂದ ರೋಗಿಗಳು ಹುರುಪಾದರು. ಅದು ಇಂಥ ರಾಸಾಯನಿಕಗಳು ಒಡೆದುಹೋಗದಂತೆ ತಡೆಯುತ್ತಿತ್ತು. ಎರಡನ್ನೂ ಕೂಡಿಸಿದರೆ ಸಿಗುವ ಉತ್ತರ ಸರಳವಾಗಿತ್ತು: ರಾಸಾಯನಿಕ ಕಡಿಮೆಯಾದರೆ ಖಿನ್ನತೆ, ಹೆಚ್ಚಿಸಿದರೆ ವಾಸಿ.

ಅದು ಅಷ್ಟು ಸರಳವಲ್ಲ ಎಂಬುದಕ್ಕೆ ಸಾಕ್ಷಿ ಅದೇ 1955ರಲ್ಲೇ ಇತ್ತು. ಲಂಡನ್ನಿನಲ್ಲಿ ಡೇವಿಸ್ ಮತ್ತು ಶೆಫರ್ಡ್ ಎಂಬ ವೈದ್ಯರು ಆತಂಕ, ಖಿನ್ನತೆ ಇದ್ದವರಿಗೆ ಇದೇ ರಿಸರ್ಪಿನ್ ಕೊಟ್ಟು, ಹುಸಿಗುಳಿಗೆ ನುಂಗಿದವರೊಂದಿಗೆ ಹೋಲಿಸಿ ನೋಡಿದರು. ರಿಸರ್ಪಿನ್ ನುಂಗಿದವರೇ ಹೆಚ್ಚು ಸುಧಾರಿಸಿದರು. ಆ ಫಲಿತಾಂಶ ದಶಕಗಳ ಕಾಲ ಯಾರ ಬಾಯಿಗೂ ಬರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಜನರ ಬಾಯಲ್ಲಿ ಬೇಗ ಕೂರುವ ಉತ್ತರವೊಂದು ಕೈಯಲ್ಲಿದ್ದಾಗ ಅದಕ್ಕೆ ಒಗ್ಗದ ಸಾಕ್ಷಿ ಎಷ್ಟು ಸುಲಭವಾಗಿ ಬದಿಗೆ ಸರಿಯುತ್ತದೆ!

ಬದುಕಿರುವ ಮನುಷ್ಯನ ಮಿದುಳಿನೊಳಗೇ ಈ ರಾಸಾಯನಿಕಗಳ ನೆಲೆಯನ್ನು ನೋಡುವ ದಾರಿ ತೆರೆದದ್ದು ಪೆಟ್ ಸ್ಕ್ಯಾನ್. ಕ್ಷಣಕಾಲ ವಿಕಿರಣ ಸೂಸುವ ಪರಮಾಣುವೊಂದನ್ನು, ಮಿದುಳಿನಲ್ಲಿ ಗೊತ್ತಾದ ಜಾಗಕ್ಕೇ ಹೋಗಿ ಕೂರುವ ಅಣುವಿಗೆ ಸೇರಿಸಿ, ಕೈಯ ರಕ್ತನಾಳಕ್ಕೆ ಚುಚ್ಚುತ್ತಾರೆ. ಆ ಪರಮಾಣು ಪಾಸಿಟ್ರಾನ್ ಕಣವನ್ನು ಹೊರಬಿಡುತ್ತದೆ. ಪಾಸಿಟ್ರಾನ್ ಪಕ್ಕದ ಎಲೆಕ್ಟ್ರಾನಿಗೆ ತಗುಲಿ ಎರಡೂ ಇಲ್ಲವಾಗುತ್ತವೆ. ಆ ಜಾಗದಿಂದ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ತಲೆಯ ಸುತ್ತ ಇರುವ ಉಂಗುರ ಆ ಜೋಡಿಗಳನ್ನು ಹಿಡಿದು ಅವು ಹುಟ್ಟಿದ ಜಾಗವನ್ನು ಲೆಕ್ಕ ಹಾಕುತ್ತದೆ. 1983ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಹೆನ್ರಿ ವ್ಯಾಗ್ನರ್ ತಾವೇ ಆ ಯಂತ್ರದೊಳಗೆ ಮಲಗಿದರು. ಡೋಪಮಿನ್ ಎಂಬ ಇನ್ನೊಂದು ಮಿದುಳಿನ ರಾಸಾಯನಿಕ ಬಂದು ಕೂರುವ ರಿಸೆಪ್ಟರುಗಳು ಜೀವಂತ ಮನುಷ್ಯನಲ್ಲಿ ಮೊದಲ ಬಾರಿಗೆ ಚಿತ್ರವಾದದ್ದು ಹಾಗೆ.

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಕಾರ್ಬನ್-11 ಪ್ರತಿ 20 ನಿಮಿಷಕ್ಕೆ ಅರ್ಧ ಕರಗಿಹೋಗುತ್ತದೆ. ಅದನ್ನು ತಯಾರಿಸುವ ಸೈಕ್ಲೊಟ್ರಾನ್ ಆಸ್ಪತ್ರೆಯ ಆವರಣದಲ್ಲೇ ಇರಬೇಕು. ತಯಾರಿಸಿ, ಅಣುವಿಗೆ ಸೇರಿಸಿ, ಶುದ್ಧಮಾಡಿ, ರೋಗಿಯ ಕೈಗೆ ಚುಚ್ಚುವಷ್ಟರಲ್ಲಿ ಗಡಿಯಾರದ ಜತೆ ಓಟ. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ದಿನನಿತ್ಯ ಬಳಸುವ ವಿಕಿರಣ ಬೆರೆತ ಗ್ಲೂಕೋಸ್ ಹಾಗಲ್ಲ, ಅದರ ಅರ್ಧಾಯುಷ್ಯ 110 ನಿಮಿಷ, ನಗರದ ಇನ್ನೊಂದು ಮೂಲೆಯಿಂದಲೂ ವ್ಯಾನಿನಲ್ಲಿ ತರಬಹುದು. ನಿಮ್ಹಾನ್ಸಿನಲ್ಲಿ ಪೆಟ್ ಮತ್ತು ಎಂಆರ್‌ಐ ಎರಡನ್ನೂ ಒಟ್ಟಿಗೇ ತೆಗೆಯುವ ಯಂತ್ರವಿದೆ. ಇಂಥ ಯಂತ್ರ ರೋಗಿಗಳ ಕೈಹಿಡಿಯುವುದು ಮೂರ್ಛೆರೋಗದ ಮೂಲ ಹುಡುಕಲು, ಮಿದುಳು ಗಡ್ಡೆ ನೋಡಲು, ಮರೆವಿನ ಕಾಯಿಲೆಗಳನ್ನು ವಿಂಗಡಿಸಲು. ಖಿನ್ನತೆ ಪತ್ತೆಗೆ ಪೆಟ್ ಬರೆದುಕೊಡುವ ವಾಡಿಕೆ ಜಗತ್ತಿನ ಯಾವ ದೇಶದ ಚಿಕಿತ್ಸಾ ಕ್ರಮದಲ್ಲೂ ಇಲ್ಲ.

ಹಾಗಾದರೆ ಸಂಶೋಧಕರು ಕಂಡದ್ದೇನು? ಮೊದಲು ಹೇಳಬೇಕಾದ್ದು: ಸಿರೊಟೋನಿನ್ ಅನ್ನೇ ನೇರವಾಗಿ ಎಣಿಸುವ ಯಂತ್ರ ಇಲ್ಲ. ಪೆಟ್ ತೋರಿಸುವುದು ಅದು ಬಂದು ಕೂರುವ ರಿಸೆಪ್ಟರುಗಳನ್ನು, ಅದನ್ನು ನರಕೋಶಕ್ಕೆ ವಾಪಸು ಎಳೆದುಕೊಳ್ಳುವ ಪ್ರೋಟೀನನ್ನು, ಅದನ್ನು ಒಡೆಯುವ ಕಿಣ್ವವನ್ನು. ರಕ್ತದಲ್ಲಿ ಸಿರೊಟೋನಿನ್ ಅಳೆಯುತ್ತೇವೆ ಎಂದು ಹಣ ಕೇಳುವ ಲ್ಯಾಬ್‌ಗಳ ಮಾತಿಗೆ ಮರುಳಾಗಬೇಡಿ. ದೇಹದ ಸಿರೊಟೋನಿನ್ನಿನ ಬಹುಪಾಲು ಇರುವುದು ಕರುಳಿನಲ್ಲಿ. ಅದು ರಕ್ತದಿಂದ ಮಿದುಳಿಗೆ ದಾಟುವುದೂ ಇಲ್ಲ.

ಕೆನಡಾದ ಟೊರಾಂಟೊದಲ್ಲಿ ಜೆಫ್ರಿ ಮೇಯರ್ ಮತ್ತು ಸಂಗಡಿಗರು ಈ ಶತಮಾನದ ಮೊದಲ ವರ್ಷಗಳಲ್ಲಿ ಮಾಡಿದ ಕೆಲಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳನ್ನು, ನಮ್ಮಲ್ಲೂ ಬರೆದುಕೊಡುವ ಸರ್ಟ್ರಲಿನ್, ಫ್ಲುಆಕ್ಸೆಟಿನ್‌ಗಳಂಥವನ್ನು, ಗುಣ ಕೊಡುವ ಕನಿಷ್ಠ ಪ್ರಮಾಣದಲ್ಲಿ ನುಂಗಿದರೆ ಆ ವಾಪಸು ಎಳೆಯುವ ಪ್ರೋಟೀನಿನ ಸುಮಾರು ಶೇ 80 ಭಾಗ ಮಾತ್ರೆಯ ಹಿಡಿತಕ್ಕೆ ಸಿಗುತ್ತದೆ ಎಂದು ಅವರು ಅಳೆದರು. ಮಾತ್ರೆ ಬೇರೆ ಬೇರೆ, ಮಿಲಿಗ್ರಾಂ ಬೇರೆ ಬೇರೆ, ಆದರೆ ಮಿದುಳಿನಲ್ಲಿ ಮುಟ್ಟುವ ಮಟ್ಟ ಹೆಚ್ಚುಕಡಿಮೆ ಒಂದೇ. ಪ್ರಮಾಣವನ್ನು ಇನ್ನೂ ಏರಿಸಿದರೆ ಆ ಹಿಡಿತ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಮಾತ್ರೆ ಹೆಚ್ಚು ನುಂಗಿದಷ್ಟೂ ಬೇಗ ವಾಸಿ ಎನ್ನುವ ನಂಬಿಕೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೇ? ಅದೇ ತಂಡ 2006ರಲ್ಲಿ, ಔಷಧಿ ತೆಗೆದುಕೊಳ್ಳದ ಖಿನ್ನತೆಯವರಲ್ಲಿ ಇಂಥ ರಾಸಾಯನಿಕಗಳನ್ನು ಒಡೆಯುವ ಎಂಎಒ-ಎ ಎಂಬ ಕಿಣ್ವ ಸರಾಸರಿ ಶೇ 34ರಷ್ಟು ಹೆಚ್ಚಿದೆ ಎಂದು ವರದಿ ಮಾಡಿತು. 2015ರಲ್ಲಿ ಮಿದುಳಿನ ಉರಿಯೂತಕ್ಕೆ ಸಂಬಂಧಿಸಿದ ಗುರುತೊಂದು ಸುಮಾರು ಶೇ 30ರಷ್ಟು ಹೆಚ್ಚಿರುವುದೂ ಅಲ್ಲೇ ಕಂಡಿತು, 20 ರೋಗಿಗಳನ್ನು 20 ಆರೋಗ್ಯವಂತರೊಂದಿಗೆ ಹೋಲಿಸಿ.

ಎಲ್ಲ ಕಡೆ ಉತ್ತರ ಹೀಗೆ ಕೂಡಿಬರಲಿಲ್ಲ. ಸಿರೊಟೋನಿನ್ನಿನ 1ಎ ಎಂಬ ರಿಸೆಪ್ಟರು ಖಿನ್ನತೆಯಲ್ಲಿ ಕಡಿಮೆ ಎಂದು 1999ರಲ್ಲಿ ಒಂದು ತಂಡ ಹೇಳಿತು. 2006ರಲ್ಲಿ ಇನ್ನೊಂದು ತಂಡ ಅದೇ ರಿಸೆಪ್ಟರು ಹೆಚ್ಚು ಎಂದಿತು. ಇಬ್ಬರೂ ಸುಳ್ಳು ಹೇಳಲಿಲ್ಲ. ಹೋಲಿಕೆಗೆ ಮಿದುಳಿನ ಯಾವ ಭಾಗವನ್ನು ಸೊನ್ನೆ ಎಂದು ಹಿಡಿಯಬೇಕು ಎನ್ನುವ ಲೆಕ್ಕಾಚಾರ ಬದಲಾದರೆ ಫಲಿತಾಂಶವೂ ತಿರುಗುತ್ತದೆ. 2022ರಲ್ಲಿ ಲಂಡನ್ನಿನ ಜೊಆನಾ ಮಾಂಕ್ರಿಫ್ ಮತ್ತು ಸಹೋದ್ಯೋಗಿಗಳು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಗುಡ್ಡೆಹಾಕಿ ನೋಡಿ, ಸಿರೊಟೋನಿನ್ ಕಡಿಮೆಯಾಗುವುದೇ ಖಿನ್ನತೆಗೆ ಕಾರಣ ಎನ್ನಲು ಗಟ್ಟಿ ಆಧಾರವಿಲ್ಲ ಎಂದು ಬರೆದರು. ಅದಾದ ಬೆನ್ನಿಗೇ ಇನ್ನೊಂದು ತಂಡ ಹೊಸ ವಿಧಾನದ ಪೆಟ್‌ನಿಂದ, ಔಷಧಿ ಕೊಟ್ಟು ಪ್ರಚೋದಿಸಿದಾಗ ಖಿನ್ನತೆಯವರ ಮಿದುಳಿನಲ್ಲಿ ಸಿರೊಟೋನಿನ್ ಬಿಡುಗಡೆ ಕಡಿಮೆ ಎಂದು ತೋರಿಸಿತು. ಅದರಲ್ಲಿದ್ದವರು 17 ರೋಗಿಗಳು, 20 ಆರೋಗ್ಯವಂತರು. ವಾದ ಮುಗಿದಿಲ್ಲ. ಆದರೆ ಕಾರಣದ ಬಗ್ಗೆ ನಡೆದಿರುವ ಈ ವಾದವನ್ನು ಹಿಡಿದು "ಮಾತ್ರೆಗಳೆಲ್ಲ ಮೋಸ" ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚುವುದು ಅಪಾಯದ ಕೆಲಸ. ಮಾತ್ರೆಯಿಂದ ಗುಣವಾಗುತ್ತದೆಯೇ ಎಂಬುದು ರೋಗಿಗಳ ಮೇಲಿನ ಬೇರೆಯೇ ಪರೀಕ್ಷೆಗಳಿಂದ ತೀರ್ಮಾನವಾದದ್ದು. ಸಿರೊಟೋನಿನ್ ಸಿದ್ಧಾಂತ ಬಿದ್ದರೂ ಆ ಫಲಿತಾಂಶ ಬೀಳುವುದಿಲ್ಲ.

ವಿಕಿರಣವಿಲ್ಲದೆ ರಾಸಾಯನಿಕ ಅಳೆಯುವ ಇನ್ನೊಂದು ವಿಧಾನ ಎಂಆರ್ ಸ್ಪೆಕ್ಟ್ರೊಸ್ಕೋಪಿ, ಆಸ್ಪತ್ರೆಯವರ ಬಾಯಲ್ಲಿ ಎಂಆರ್‌ಎಸ್. ಯಂತ್ರ ಅದೇ ಎಂಆರ್‌ಐ. ರೋಗಿ ತಲೆ ಅಲ್ಲಾಡಿಸದೆ ಮಲಗಿರಬೇಕು. ಪರದೆಯ ಮೇಲಿನ ಮಿದುಳಿನ ಚಿತ್ರದಲ್ಲಿ ಟೆಕ್ನಿಷಿಯನ್ ಒಂದು ಪುಟ್ಟ ಚೌಕಪೆಟ್ಟಿಗೆ ಗೀಚುತ್ತಾರೆ, ಉದ್ದ ಅಗಲ ಎತ್ತರ ತಲಾ ಸುಮಾರು 3 ಸೆಂಟಿಮೀಟರ್. ಹತ್ತು ನಿಮಿಷದಷ್ಟು ಹೊತ್ತು ಯಂತ್ರ ಟಕಟಕ ಬಡಿದುಕೊಳ್ಳುತ್ತದೆ. ಕೊನೆಗೆ ಬರುವುದು ಚಿತ್ರವಲ್ಲ, ಏರಿಳಿತದ ಒಂದು ಗೆರೆ. ಅದರಲ್ಲಿ ಎತ್ತರದ ಶಿಖರಗಳು ಎನ್‌ಎಎ, ಕ್ರಿಯಾಟಿನ್, ಕೋಲಿನ್ ಎಂಬ ರಾಸಾಯನಿಕಗಳವು. ಖಿನ್ನತೆಯ ಸಂಶೋಧಕರಿಗೆ ಬೇಕಾದ ಗ್ಯಾಬಾ, ನರಕೋಶಗಳ ಅಬ್ಬರ ತಗ್ಗಿಸುವ ರಾಸಾಯನಿಕ, ಕ್ರಿಯಾಟಿನ್ನಿನ ಶಿಖರದ ಕೆಳಗೇ ಹೂತಿರುತ್ತದೆ. ಮಿದುಳಿನಲ್ಲಿ ನೀರಿನ ಅಣುಗಳು ಗ್ಯಾಬಾ ಅಣುಗಳಿಗಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು. ಸೋಮವಾರದ ಸಂತೆಯ ನಡುವೆ ನಿಂತು ಒಬ್ಬರ ಪಿಸುಮಾತು ಕೇಳಿಸಿಕೊಳ್ಳುವಂಥ ಕೆಲಸ. ಅದಕ್ಕೆಂದೇ ನೀರಿನ ಸದ್ದನ್ನು ಅಡಗಿಸಿ, ಎರಡು ಬಗೆಯಲ್ಲಿ ಅಳೆದು ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದರಲ್ಲಿ ಗ್ಯಾಬಾವನ್ನು ಹುಡುಕುವ ವಿಧಾನವಿದೆ.

1999ರಲ್ಲಿ ಅಮೆರಿಕದ ಯೇಲ್‌ನಲ್ಲಿ ಜೆರಾರ್ಡ್ ಸನಕೋರಾ ತಂಡ ಖಿನ್ನತೆಯವರ ತಲೆಯ ಹಿಂಭಾಗದ ಪದರದಲ್ಲಿ ಗ್ಯಾಬಾ ಕಡಿಮೆ ಇರುವುದನ್ನು ಹೀಗೆ ಕಂಡಿತು. ಕೆಲವು ವರ್ಷಗಳಲ್ಲೇ, ಮಾತ್ರೆ ತೆಗೆದುಕೊಂಡ ಮೇಲೂ, ವಿದ್ಯುತ್ ಕಂಪನ ಚಿಕಿತ್ಸೆಯ ಬಳಿಕವೂ ಅದು ಏರುತ್ತದೆ ಎಂದು ಅದೇ ತಂಡ ವರದಿ ಮಾಡಿತು. ಸಿರೊಟೋನಿನ್ ಒಂದನ್ನೇ ಹಿಡಿದು ಕೂತಿದ್ದ ಕ್ಷೇತ್ರಕ್ಕೆ ಇದು ಹೊಸ ದಿಕ್ಕು ತೋರಿತು. ನಿಮ್ಹಾನ್ಸಿನಲ್ಲಿ ಪಿ.ಎನ್. ಜಯಕುಮಾರ್, ಜಿ. ವೆಂಕಟಸುಬ್ರಮಣಿಯನ್, ಬಿ.ಎನ್. ಗಂಗಾಧರ್ ಮೊದಲಾದವರು ಎಂಆರ್‌ಎಸ್‌ನದೇ ಇನ್ನೊಂದು ಬಗೆಯಿಂದ, ರಂಜಕವನ್ನು ಗುರುತಿಸುವ ಸ್ಪೆಕ್ಟ್ರೊಸ್ಕೋಪಿಯಿಂದ, ಇನ್ನೂ ಔಷಧಿ ಮುಟ್ಟದ ರೋಗಿಗಳ ಮಿದುಳಿನ ಶಕ್ತಿಯ ಲೆಕ್ಕಾಚಾರವನ್ನು ಅಳೆದಿದ್ದಾರೆ. ಅದು ಖಿನ್ನತೆಯಲ್ಲಲ್ಲ, ಸ್ಕಿಜೋಫ್ರೇನಿಯದಲ್ಲಿ.

ಖಿನ್ನತೆಗೆ ಹತ್ತಿರ ಬರುವ ಬೆಂಗಳೂರಿನ ಕೆಲಸ ಬೇರೆಯದೇ ದಾರಿ ಹಿಡಿಯಿತು. 2011ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಅಧ್ಯಯನವೊಂದರಲ್ಲಿ 12 ಮಂದಿ ಆರೋಗ್ಯವಂತರು ಎಂಆರ್‌ಐ ಕೊಳವೆಯೊಳಗೆ ಮಲಗಿ ಓಂಕಾರ ಹೇಳಿದರು. ಹೋಲಿಕೆಗೆ ಅವರೇ ಅಷ್ಟೇ ಹೊತ್ತು ಬರೀ 'ಸ್ಸ್ಸ್' ಎಂದು ಉಸಿರು ಬಿಟ್ಟರು. ಓಂಕಾರದ ಹೊತ್ತಿನಲ್ಲಿ ಭಾವನೆಗೆ ಸಂಬಂಧಪಟ್ಟ ಭಾಗಗಳ ಚಟುವಟಿಕೆ ತಗ್ಗಿತು, 'ಸ್ಸ್ಸ್' ಎಂದಾಗ ಹಾಗಾಗಲಿಲ್ಲ. ಖಿನ್ನತೆಗೆ ಬಳಸುವ ವೇಗಸ್ ನರದ ಪ್ರಚೋದನೆಯಲ್ಲೂ ಇಂಥದೇ ಬದಲಾವಣೆ ಕಂಡಿದೆ ಎಂಬುದು ಅವರ ಕುತೂಹಲದ ಎಳೆ. 2013ರಲ್ಲಿ ಅಲ್ಲಿಯದೇ ತಂಡ ಖಿನ್ನತೆಯ ಹೊರರೋಗಿಗಳಲ್ಲಿ ಯೋಗಾಭ್ಯಾಸದ ಜತೆ ನರಕೋಶಗಳ ಬೆಳವಣಿಗೆಗೆ ನೆರವಾಗುವ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಏರುವುದನ್ನು ವರದಿ ಮಾಡಿತು. ಇದನ್ನು ಅಳೆದದ್ದು ಸ್ಕ್ಯಾನಿನಲ್ಲಲ್ಲ, ರಕ್ತದಲ್ಲಿ. 12 ಮಂದಿಯ ಅಧ್ಯಯನವನ್ನು ಹಿಡಿದು ಓಂಕಾರದಿಂದ ಖಿನ್ನತೆ ವಾಸಿ ಎಂದು ಯಾರಾದರೂ ಹೇಳಿದರೆ ಅದು ಆ ಸಂಶೋಧಕರಿಗೆ ಮಾಡುವ ಅನ್ಯಾಯ. ಅವರೇ ಅದನ್ನು ಪ್ರಾಥಮಿಕ ಅಧ್ಯಯನ ಎಂದು ಕರೆದಿದ್ದಾರೆ.

ಬಿಡಿಎನ್‌ಎಫ್ ಯಾಕೆ ಮುಖ್ಯ ಎಂಬುದಕ್ಕೆ ಮತ್ತೆ ಆ ಶೇ 80ರ ಲೆಕ್ಕಕ್ಕೆ ಬರಬೇಕು. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಸಿರೊಟೋನಿನ್ ವಾಪಸು ಎಳೆಯುವ ಆ ಪ್ರೋಟೀನು ಅದರ ಹಿಡಿತಕ್ಕೆ ಸಿಗುತ್ತದೆ. ಆದರೆ ರೋಗಿಗೆ ಹಗುರ ಅನ್ನಿಸಲು ಎರಡರಿಂದ ನಾಲ್ಕು ವಾರ ಬೇಕು. ಕೊರತೆ ತುಂಬುವುದಷ್ಟೇ ಚಿಕಿತ್ಸೆಯಾಗಿದ್ದರೆ ಆವತ್ತೇ ಸಂಜೆ ಗುಣ ಕಾಣಬೇಕಿತ್ತು. ನಡುವಿನ ಆ ವಾರಗಳಲ್ಲಿ ಬಿಡಿಎನ್‌ಎಫ್‌ನಂಥ ಪ್ರೋಟೀನುಗಳ ನೆರವಿನಿಂದ ನರಕೋಶಗಳ ಕೊಂಡಿಗಳು ನಿಧಾನವಾಗಿ ಹೊಸದಾಗಿ ಹೊಂದಿಕೊಳ್ಳುತ್ತವೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. "ಹತ್ತು ದಿನ ನುಂಗಿದೆ, ಏನೂ ಆಗಲಿಲ್ಲ, ಬಿಟ್ಟೆ" ಎನ್ನುವವರಿಗೆ ಹೇಳಬೇಕಾದ ಮಾತು ಇದೇ.

ಮುಂದೊಂದು ದಿನ ಸ್ಕ್ಯಾನ್ ನೋಡಿ ಚಿಕಿತ್ಸೆ ಆರಿಸಬಹುದೇ? ಅಮೆರಿಕದ ಸಂಶೋಧಕಿ ಹೆಲನ್ ಮೇಬರ್ಗ್ ತಂಡ 2013ರಲ್ಲಿ ಅದಕ್ಕೊಂದು ಸುಳಿವು ಕೊಟ್ಟಿತು. ಪೆಟ್‌ನಲ್ಲಿ ಇನ್ಸುಲಾ ಎಂಬ ಭಾಗದ ಗ್ಲೂಕೋಸ್ ಬಳಕೆ ಕಡಿಮೆ ಇದ್ದವರು ಮಾತಿನ ಚಿಕಿತ್ಸೆಯಿಂದಲೂ, ಹೆಚ್ಚು ಇದ್ದವರು ಎಸಿಟಾಲೊಪ್ರಾಮ್ ಮಾತ್ರೆಯಿಂದಲೂ ಚೇತರಿಸಿಕೊಳ್ಳುವ ಒಲವು ಕಂಡಿತು. ಇಂದಿಗೂ ಅದು ಸಂಶೋಧನೆಯ ಅಂಗಳದಲ್ಲೇ ಇದೆ, ಹೊರರೋಗಿ ವಿಭಾಗಕ್ಕೆ ಬಂದಿಲ್ಲ.

ಆದ್ದರಿಂದ ಇವತ್ತು ಖಿನ್ನತೆಯನ್ನು ಪತ್ತೆಹಚ್ಚುವುದು ಮಾತಿನಿಂದ. ನಿದ್ದೆ ಹೇಗಿದೆ, ಬೆಳಗಿನ ಜಾವ ಎಚ್ಚರವಾಗುತ್ತದೆಯೇ, ಮೊದಲು ಖುಷಿ ಕೊಡುತ್ತಿದ್ದದ್ದು ಈಗಲೂ ಕೊಡುತ್ತದೆಯೇ, ಬದುಕು ಬೇಡ ಅನ್ನಿಸಿದೆಯೇ, ಎರಡು ವಾರಕ್ಕಿಂತ ಹೆಚ್ಚಾಯಿತೇ. ಇವುಗಳ ಜತೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12ರಂಥ ರಕ್ತ ಪರೀಕ್ಷೆಗಳನ್ನು ವೈದ್ಯರು ಬರೆಯಬಹುದು, ಏಕೆಂದರೆ ಅವುಗಳ ಕೊರತೆಯೂ ಇದೇ ರೂಪದಲ್ಲಿ ಬರುತ್ತದೆ. ವಯಸ್ಸಾದ ಮೇಲೆ ಮೊದಲ ಸಲ ಕಾಣಿಸಿಕೊಂಡರೆ, ಜತೆಗೆ ಫಿಟ್ಸ್, ಒಂದು ಪಕ್ಕದ ನಿಶ್ಶಕ್ತಿ, ಮರೆವು, ಹೊಸ ತಲೆನೋವು ಇದ್ದರೆ ಸ್ಕ್ಯಾನ್ ಬೇಕೇ ಬೇಕು. ಅದು ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ಆಗ ಬರುವ 'ನಾರ್ಮಲ್' ವರದಿಯ ಅರ್ಥ ಗಡ್ಡೆ ಇಲ್ಲ, ಪೆಟ್ಟು ಇಲ್ಲ ಎಂದು. ಸಂಕಟ ಇಲ್ಲ ಎಂದಲ್ಲ.

ಮಾತೇ ಪರೀಕ್ಷೆಯಾಗಿರುವಾಗ ಅದು ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದು ಯಂತ್ರದ ಗುಣಮಟ್ಟದಷ್ಟೇ ಮುಖ್ಯ. ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡದ ಹೆಂಗಸೊಬ್ಬಳು "ಬೇಜಾರು" ಎಂದು ಶುರುಮಾಡುವುದಿಲ್ಲ. "ತಲೆ ಭಾರ, ಮೈಯೆಲ್ಲ ಸೆಳೆತ, ಎದೆಯೊಳಗೆ ಬಡ್ಕೊಳ್ಳುತ್ತೆ, ಯಾವುದೂ ಬ್ಯಾಡ ಅನ್ಸುತ್ತೆ ಕಣಣ್ಣ" ಎನ್ನುತ್ತಾಳೆ. ಅವಸರದ ಕಿವಿಗೆ ಅದು ಬರೀ ಮೈಕೈ ನೋವು. ನೋವಿನ ಮಾತ್ರೆ ಕೈಗೆ ಬರುತ್ತದೆ. ಕೊನೆಯ ಮಾತನ್ನು ಹಿಡಿದು ಇನ್ನೆರಡು ಪ್ರಶ್ನೆ ಕೇಳಿದವರಿಗೆ ಕಾಯಿಲೆ ಸಿಗುತ್ತದೆ. ನಿಮ್ಹಾನ್ಸ್ ಮುನ್ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ತಮಿಳುನಾಡೂ ಸೇರಿ 12 ರಾಜ್ಯಗಳಲ್ಲಿ ನಡೆಯಿತು. ಆಗ ವಯಸ್ಕರಲ್ಲಿ ಶೇ 2.7 ಮಂದಿಗೆ ಖಿನ್ನತೆ ಇತ್ತು. ತೀವ್ರ ಖಿನ್ನತೆಯವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಶೇ 85 ಮಂದಿಗೆ ಬೇಕಾಗಿರುವುದು ಸೈಕ್ಲೊಟ್ರಾನ್ ಅಲ್ಲ.

ಗಡಿಗೆ ಹತ್ತಿರ, ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ನಿಮ್ಹಾನ್ಸ್ 1970ರ ದಶಕದಲ್ಲೇ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದು, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಈ ಪ್ರಶ್ನೆಗಳನ್ನು ಕೇಳುವುದು ಹೇಗೆಂದು ಕಲಿಸಲು ಹೊರಟಿತು. ಅಲ್ಲಿಂದ ಬೆಳೆದ ವಿಚಾರ ಬಳ್ಳಾರಿ ಜಿಲ್ಲೆಯ ಪ್ರಯೋಗವಾಗಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಭಾಷೆಯನ್ನೂ ಆರಿಸಿಕೊಳ್ಳಬಹುದು. ಬದುಕು ಬೇಡ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ಸ್ಕ್ಯಾನಿನ ದಿನಾಂಕಕ್ಕೆ ಕಾಯದೆ ಅದೇ ದಿನ ಈ ಸಂಖ್ಯೆಗೆ ಕರೆ ಮಾಡಿ, ಇಲ್ಲವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.